ಅಮೆರಿಕದ ಸೂಪರ್‌ಮಾರ್ಕೆಟ್‌ನಲ್ಲಿ ಮೀನು ಕೊಳ್ಳುವುದು: ಗೋಡೆಯ ಬಣ್ಣ ಬಿಟ್ಟು ಚೀಟಿ ಓದುವ ಬಗೆ

ಮಲ್ಪೆಯಲ್ಲಿ ಮೀನು ಕೊಳ್ಳುವಾಗ ನಾನು ಅಂಗಡಿಯನ್ನು ನೋಡಿದವನೇ ಅಲ್ಲ. ನೋಡಲು ಅಂಗಡಿ ಎಂಬುದೇ ಇರಲಿಲ್ಲ. ಒಂದು ಬುಟ್ಟಿ, ಅದರ ಹಿಂದೆ ಕುಳಿತ ಹೆಂಗಸು, ಕಿವಿರು ಎತ್ತಿ ಕೆಂಪು ತೋರಿಸುವ ಅವರ ಹೆಬ್ಬೆರಳು. ವ್ಯವಹಾರ ಅಷ್ಟರಲ್ಲೇ ಮುಗಿಯುತ್ತಿತ್ತು.

ಸಮುದ್ರದಿಂದ ನೂರಾರು ಮೈಲಿ ಒಳಗಿರುವ ಓಹಾಯೋಕ್ಕೆ ಬಂದ ಮೊದಲ ವಾರ ಮನೆ ಹತ್ತಿರದ ದೊಡ್ಡ ಅಂಗಡಿಯೊಂದಕ್ಕೆ ಹೋದೆ. ಹಿಂಬದಿಯ ಗೋಡೆಗೆ ಕಡುನೀಲಿ ಬಣ್ಣ, ಅದರ ಮೇಲೆ ಮರದ ಚುಕ್ಕಾಣಿ ಚಕ್ರ, ಇಳಿಬಿಟ್ಟ ಬಲೆ, ಬಲೆಯಲ್ಲಿ ಸಿಕ್ಕಿಕೊಂಡ ಪ್ಲಾಸ್ಟಿಕ್ ಏಡಿ. ಕೆಳಗೆ ಮಂಜುಗಡ್ಡೆಯ ಹಾಸಿನ ಮೇಲೆ ಮಿನುಗುವ ಬಿಳಿ ತುಂಡುಗಳು. ಬಲೆಯನ್ನು ನೋಡಿ ಮೀನನ್ನು ನಂಬಿದೆ. ಮನೆಗೆ ತಂದು ಸಾರು ಮಾಡಿದರೆ ತುಂಡುಗಳು ಒದ್ದೆ ಹತ್ತಿಯಂತೆ ಬಿಚ್ಚಿಕೊಂಡವು. ಕಸದ ಬುಟ್ಟಿಯಿಂದ ಪೊಟ್ಟಣದ ಕಾಗದ ತೆಗೆದು ನೋಡಿದಾಗ, ಬೆಲೆಯ ಕೆಳಗೆ ಇರುವೆ ಗಾತ್ರದ ಅಕ್ಷರಗಳಲ್ಲಿ ‘ಪ್ರೀವಿಯಸ್ಲಿ ಫ್ರೋಜನ್’ ಎಂದಿತ್ತು. ಮೊದಲು ಹೆಪ್ಪುಗಟ್ಟಿಸಿ ಆಮೇಲೆ ಕರಗಿಸಿದ ಮೀನು. ಅಂಗಡಿಯವರು ಸುಳ್ಳು ಹೇಳಿರಲಿಲ್ಲ, ನಾನೇ ಓದಿರಲಿಲ್ಲ.

ಹೊಸದಾಗಿ ಬಂದವರಿಗೆ, ಅದರಲ್ಲೂ ಮೀನಿಲ್ಲದೆ ಊಟ ಇಳಿಯದ ಕರಾವಳಿಯವರಿಗೆ, ಅಂದಿನಿಂದ ಕಲಿತದ್ದನ್ನು ಹಂತ ಹಂತವಾಗಿ ಬರೆದಿದ್ದೇನೆ.

ಮೊದಲ ಹೆಜ್ಜೆ: ಅಂಗಡಿಯನ್ನೇ ಓದಿ

ಮೀನಿನ ವಿಭಾಗ ಹೆಚ್ಚಾಗಿ ಅಂಗಡಿಯ ಹೊರ ಅಂಚಿನಲ್ಲಿ, ಮಾಂಸದ ವಿಭಾಗದ ಪಕ್ಕದಲ್ಲಿರುತ್ತದೆ. ನೀರು ಹರಿದುಹೋಗಲು ನೆಲದಲ್ಲಿ ಮೋರಿ ಬೇಕು, ತೊಳೆಯುವ ತೊಟ್ಟಿ ಬೇಕು, ಮಂಜುಗಡ್ಡೆಯ ಯಂತ್ರ ಬೇಕು, ಹಿಂದೆಯೇ ಶೀತಲ ಕೋಣೆ ಇರಬೇಕು. ಇವನ್ನೆಲ್ಲ ಗೋಡೆಗೆ ಅಂಟಿಸಿ ಕಟ್ಟುವುದು ಸುಲಭ. ಅದಕ್ಕೇ ಒಳಾಂಗಣ ಎಷ್ಟು ಸಲ ಬದಲಾದರೂ ಮೀನು ಜಾಗ ಬಿಟ್ಟು ಕದಲುವುದು ಕಡಿಮೆ. ಮೇಲಿನ ವೇಷ ಮಾತ್ರ ಬದಲಾಗುತ್ತದೆ.

ಆ ವೇಷದ ಕಥೆಯನ್ನು ಸ್ವಲ್ಪ ಹೇಳಲೇಬೇಕು. 1916ರಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತ ಮೆಂಫಿಸ್‌ನಲ್ಲಿ ‘ಪಿಗ್ಲಿ ವಿಗ್ಲಿ’ ತೆರೆಯುವವರೆಗೆ ಅಮೆರಿಕದ ದಿನಸಿ ಅಂಗಡಿಯೂ ನಮ್ಮ ಶೆಟ್ಟರ ಅಂಗಡಿಯಂತೆಯೇ ಇತ್ತು: ಅಡ್ಡಹಲಗೆಯ ಆಚೆ ಅಂಗಡಿಯವನು, ಈಚೆ ಚೀಟಿ ಹಿಡಿದ ಗಿರಾಕಿ. ಸಾಂಡರ್ಸ್ ಹಲಗೆ ತೆಗೆದುಹಾಕಿ ಗಿರಾಕಿಯ ಕೈಗೇ ಬುಟ್ಟಿ ಕೊಟ್ಟ. 1930ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ‘ಕಿಂಗ್ ಕಲೆನ್’ ಬಂತು. ಮೊದಲ ಸೂಪರ್‌ಮಾರ್ಕೆಟ್ ಎಂಬ ಹೆಸರು ಸಾಮಾನ್ಯವಾಗಿ ಅದಕ್ಕೇ ಸಲ್ಲುತ್ತದೆ. ಅದೇ ವರ್ಷ ಮಾರ್ಚಿನಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಕ್ಲಾರೆನ್ಸ್ ಬರ್ಡ್ಸ್‌ಐ ಎಂಬಾತ ರೂಪಿಸಿದ ವಿಧಾನದಲ್ಲಿ ಹೆಪ್ಪುಗಟ್ಟಿಸಿದ ಆಹಾರ ಅಂಗಡಿಗಳಲ್ಲಿ ಮಾರಾಟಕ್ಕೆ ಬಂತು, ಅದರಲ್ಲಿ ಮೀನಿನ ತುಂಡುಗಳೂ ಇದ್ದವು. ಮುಂದೆ ಬಹುಕಾಲ ಒಳನಾಡಿನ ಅಮೆರಿಕನ್ನರಿಗೆ ಅಂಗಡಿಯ ಮೀನು ಎಂದರೆ ಮುಖ್ಯವಾಗಿ ಡಬ್ಬಿಯ ಟ್ಯೂನಾ ಮತ್ತು ಹೆಪ್ಪುಗಟ್ಟಿದ ಪೆಟ್ಟಿಗೆ.

ಮಂಜುಗಡ್ಡೆ ಹಾಸಿ, ಏಪ್ರನ್ ತೊಟ್ಟವರು ನಿಂತು ತೂಗಿಕೊಡುವ ಮೀನಿನ ಕೌಂಟರ್ ಸೂಪರ್‌ಮಾರ್ಕೆಟ್‌ಗಳಲ್ಲಿ ವ್ಯಾಪಕವಾಗಿ ಹಬ್ಬಿದ್ದು 1980ರ ದಶಕದಲ್ಲಿ. ಅಂದರೆ ಸಾಂಡರ್ಸ್ ಕಿತ್ತುಹಾಕಿದ ಅಡ್ಡಹಲಗೆ ಮೀನಿನ ನೆಪದಲ್ಲಿ ಮರಳಿ ಬಂತು. ಆಗಿನದು ನಿಯಾನ್ ದೀಪದ ಮೀನು, ಚದುರಂಗದ ಹಾಸಿನಂಥ ಟೈಲ್ಸ್, ಗುಲಾಬಿ ಮತ್ತು ನೀಲಿಹಸಿರು ಪಟ್ಟಿಗಳ ಕಾಲ. ಆಮೇಲೆ ಬಟ್ಟೆಯ ಚಪ್ಪರ, ದೀಪಸ್ತಂಭದ ಚಿತ್ರ, ಬಲೆ, ಹಗ್ಗ: ಹಳೆಯ ಬಂದರಿನ ನಾಟಕ. 2000ದ ನಂತರ ಕಂದು, ಆಲಿವ್ ಬಣ್ಣ, ಮರದಂತೆ ಕಾಣುವ ನೆಲ, ಕೌಂಟರಿನ ಮೇಲಷ್ಟೇ ಬೀಳುವ ಮಂದ ಬೆಳಕು. ಇನ್ನೂ ಈಚೆಗೆ ತೆರೆದ ಕಪ್ಪು ಮಾಳಿಗೆ, ಪಾಲಿಶ್ ಮಾಡಿದ ಕಾಂಕ್ರೀಟ್ ನೆಲ, ಬಿಳಿ ಟೈಲ್ಸ್, ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಂತೆ ಅಚ್ಚು ಹಾಕಿಸಿದ ಅಕ್ಷರ.

ಇದರಿಂದ ಕೊಳ್ಳುವವರಿಗೇನು? ಗೋಡೆ ಹಳತೋ ಹೊಸತೋ ಎಂಬುದಕ್ಕೂ ಮೀನು ಹಳತೋ ಹೊಸತೋ ಎಂಬುದಕ್ಕೂ ಸಂಬಂಧವಿಲ್ಲ. ನಾನು ಈ ಊರಿನಲ್ಲಿ ಕೊಂಡ ಒಳ್ಳೆಯ ಮೀನುಗಳಲ್ಲಿ ಅರ್ಧದಷ್ಟು, ಬಣ್ಣ ಸುಲಿದ ನೀಲಿಹಸಿರು ಪಟ್ಟಿಯ ಅಂಗಡಿಯೊಂದರಿಂದ ಬಂದವು. ಅಲ್ಲಿ ಮೀನು ಹೆಚ್ಚು ಖರ್ಚಾಗುತ್ತದೆ, ಅದೇ ಗುಟ್ಟು.

ಎರಡನೆಯ ಹೆಜ್ಜೆ: ಕೌಂಟರೋ ಪೊಟ್ಟಣವೋ ತೀರ್ಮಾನಿಸಿ

ಈಗ ಅನೇಕ ಅಂಗಡಿಗಳು ಕೌಂಟರನ್ನು ಚಿಕ್ಕದಾಗಿಸುತ್ತಿವೆ ಅಥವಾ ಮುಚ್ಚಿ, ಆ ಜಾಗದಲ್ಲಿ ಪೊಟ್ಟಣದ ಮೀನಿನ ಕಪಾಟು ಇಡುತ್ತಿವೆ. ಕೌಂಟರಿಗೆ ತಿಳಿದ ಕೆಲಸಗಾರ ಬೇಕು, ಮಂಜುಗಡ್ಡೆ ಬೇಕು, ಸಂಜೆಗೆ ಉಳಿದದ್ದು ನಷ್ಟ. ನಮ್ಮ ಬಡಾವಣೆಯ ಅಂಗಡಿಯೊಂದರ ನವೀಕರಣ ಮುಗಿದ ಮೇಲೆ ಹೋಗಿ ನೋಡಿದೆ. ಮೀನಿನ ಜಾಗದಲ್ಲಿ ಸುಶಿಯ ಪೆಟ್ಟಿಗೆಗಳು. ಗೋಡೆಗೆ ಹೊಸ ಬೂದು ಬಣ್ಣ ಬಳಿದಿದ್ದರೂ ಕಿತ್ತ ಅಕ್ಷರಗಳ ಗುರುತು ಅದರಡಿಯಲ್ಲಿ ಉಬ್ಬಿಕೊಂಡಿತ್ತು. ಓರೆಯಾಗಿ ನಿಂತರೆ ‘ಸೀಫುಡ್’ ಎಂದು ಓದಬಹುದಿತ್ತು.

ಕೌಂಟರ್ ಇದ್ದರೆ ಕೌಂಟರಿಗೇ ಹೋಗಿ ಎಂದು ನಾನು ಹೇಳುವುದಿಲ್ಲ. ಕೌಂಟರಿನಲ್ಲಿ ಕರಗಿಸಿಟ್ಟ ಮೀನು ಮತ್ತು ಫ್ರೀಜರಿನಲ್ಲಿ ಕಲ್ಲಾಗಿರುವ ಮೀನು ಎಷ್ಟೋ ಸಲ ಒಂದೇ ಸರಕು. ಅವರು ಕರಗಿಸಿದ್ದನ್ನು ಎರಡು ದಿನ ಬಿಟ್ಟು ಕೊಳ್ಳುವುದಕ್ಕಿಂತ ಕಲ್ಲಾಗಿರುವುದನ್ನೇ ತಂದು ಮನೆಯಲ್ಲಿ ಕರಗಿಸುವುದು ಮೇಲು, ಬೆಲೆಯೂ ಕಡಿಮೆ. ಕೌಂಟರ್ ಬೇಕಾಗುವುದು ಎರಡು ಸಂದರ್ಭಕ್ಕೆ: ಇಡೀ ಮೀನು ಬೇಕಾದಾಗ, ಮತ್ತು ಪ್ರಶ್ನೆ ಕೇಳಬೇಕಾದಾಗ.

ಮೂರನೆಯ ಹೆಜ್ಜೆ: ಚೀಟಿ ಓದಿ

ಈ ಹೆಜ್ಜೆಯಲ್ಲಿ ಆತುರ ಬೇಡ. 2005ರ ಏಪ್ರಿಲ್‌ನಿಂದ ಅಮೆರಿಕದ ಸೂಪರ್‌ಮಾರ್ಕೆಟ್‌ಗಳು ಮೀನು ಮತ್ತು ಸಿಗಡಿ, ಮರುವಾಯಿಗಳ ಮೇಲೆ ಎರಡು ಸಂಗತಿ ತಿಳಿಸುವುದು ಕಡ್ಡಾಯ: ಯಾವ ದೇಶದ್ದು, ಮತ್ತು ಹಿಡಿದದ್ದೋ ಸಾಕಿದ್ದೋ. ‘ವೈಲ್ಡ್’ ಎಂದರೆ ಸಮುದ್ರ ಅಥವಾ ಹೊಳೆಯಲ್ಲಿ ಹಿಡಿದದ್ದು, ‘ಫಾರ್ಮ್ ರೈಸ್ಡ್’ ಎಂದರೆ ಸಾಕಿದ್ದು. ಬೇಯಿಸಿದ, ಹೊಗೆಯಾಡಿಸಿದ, ಬ್ರೆಡ್ ಪುಡಿ ಹಚ್ಚಿದ ಮೀನಿಗೆ ಈ ನಿಯಮ ಅನ್ವಯಿಸುವುದಿಲ್ಲ. ಮೀನನ್ನೇ ಮಾರುವ ಚಿಕ್ಕ ಅಂಗಡಿಗಳಿಗೂ ವಿನಾಯಿತಿ ಇದೆ.

ಒಂದು ಸಾಲ್ಮನ್ ಪೊಟ್ಟಣವನ್ನು ಕೈಗೆತ್ತಿಕೊಳ್ಳೋಣ. ಮುಂದೆ ದೊಡ್ಡದಾಗಿ ‘ಅಟ್ಲಾಂಟಿಕ್ ಸಾಲ್ಮನ್’ ಎಂದಿದೆ. ಅಟ್ಲಾಂಟಿಕ್ ಸಾಗರ ಎಂದು ಕಲ್ಪಿಸಿಕೊಳ್ಳಬೇಡಿ, ಅದು ಜಾತಿಯ ಹೆಸರು; ಮಾರುಕಟ್ಟೆಗೆ ಬರುವುದು ಬಹುತೇಕ ಸಾಕಿದ್ದೇ. ಕೆಳಗೆ ನೋಡಿದರೆ ‘ಪ್ರಾಡಕ್ಟ್ ಆಫ್ ಚಿಲಿ’ ಅಥವಾ ನಾರ್ವೆ ಅಥವಾ ಕೆನಡಾ. ಪಕ್ಕದಲ್ಲಿ ‘ಕಲರ್ ಆಡೆಡ್’. ಕಾಡು ಸಾಲ್ಮನ್‌ಗೆ ಸಿಗಡಿಯಂಥ ಜೀವಿಗಳನ್ನು ತಿಂದು ಆಸ್ಟಾಕ್ಸಾಂಥಿನ್ ಎಂಬ ಬಣ್ಣ ಬರುತ್ತದೆ, ಸಾಕಿದ್ದಕ್ಕೆ ಅದೇ ಬಣ್ಣವನ್ನು ಮೇವಿನಲ್ಲಿ ಬೆರೆಸುತ್ತಾರೆ. ಹೆದರುವಂಥದ್ದಲ್ಲ, ಆದರೆ ಬಣ್ಣ ನೋಡಿ ತಾಜಾತನ ಅಳೆಯಬೇಡಿ. ಹಿಡಿದ ಸಾಲ್ಮನ್ನೇ ಬೇಕೆಂದರೆ ‘ಅಲಾಸ್ಕಾ’ ಎಂಬ ಪದ ಹುಡುಕಿ. ಆ ರಾಜ್ಯದಲ್ಲಿ 1990ರಿಂದ ವ್ಯಾಪಾರಕ್ಕಾಗಿ ಮೀನು ಸಾಕುವುದಕ್ಕೇ ನಿಷೇಧವಿದೆ.

ಇನ್ನು ಚೆರ್ರಿ ಹಣ್ಣಿನಂತೆ ಕೆಂಪಗೆ ಹೊಳೆಯುವ ಟ್ಯೂನಾ ಕಂಡರೆ ಚೀಟಿಯಲ್ಲಿ ‘ಕಾರ್ಬನ್ ಮಾನಾಕ್ಸೈಡ್’ ಅಥವಾ ‘ಟೇಸ್ಟ್‌ಲೆಸ್ ಸ್ಮೋಕ್’ ಎಂದಿದೆಯೇ ನೋಡಿ. ಈ ಅನಿಲ ತಾಗಿಸಿದ ಮಾಂಸ ಹಳತಾದರೂ ಕೆಂಪಾಗಿಯೇ ಉಳಿಯುತ್ತದೆ. ಐರೋಪ್ಯ ಒಕ್ಕೂಟ ಇದನ್ನು ನಿಷೇಧಿಸಿದೆ, ಅಮೆರಿಕದಲ್ಲಿ ಅನುಮತಿ ಇದೆ. ನಾನಂತೂ ಕೊಳ್ಳುವುದಿಲ್ಲ.

‘ಸೆಲ್ ಬೈ’ ದಿನಾಂಕಕ್ಕೆ ಅತಿಯಾದ ಗೌರವ ಬೇಡ. ಶಿಶುಗಳ ಹಾಲುಪುಡಿ (ಇನ್‌ಫಂಟ್ ಫಾರ್ಮುಲಾ) ಬಿಟ್ಟರೆ ಬೇರೆ ಆಹಾರಕ್ಕೆ ದಿನಾಂಕ ಹಾಕಬೇಕೆಂಬ ಕೇಂದ್ರ ಕಾನೂನು ಅಮೆರಿಕದಲ್ಲಿಲ್ಲ. ಕೌಂಟರಿನ ಮೀನಿನ ಚೀಟಿಯಲ್ಲಿರುವುದು ಪೊಟ್ಟಣ ಕಟ್ಟಿದ ದಿನ, ಮೀನು ಸತ್ತ ದಿನವಲ್ಲ.

ಬೆಲೆ ಪೌಂಡಿನ ಲೆಕ್ಕದಲ್ಲಿರುತ್ತದೆ. 2.2ರಿಂದ ಗುಣಿಸಿದರೆ ಕಿಲೋ ಬೆಲೆ ಸಿಗುತ್ತದೆ. ರೂಪಾಯಿಗೆ ಮಾತ್ರ ಪರಿವರ್ತಿಸಬೇಡಿ, ಮೀನು ತಿನ್ನುವುದೇ ಬಿಟ್ಟುಹೋಗುತ್ತದೆ.

ನಾಲ್ಕನೆಯ ಹೆಜ್ಜೆ: ದೀಪದಿಂದ ಹೊರಗೆ ತನ್ನಿ

ಕಪಾಟಿನ ದೀಪಗಳನ್ನು ಸರಕು ಚೆನ್ನಾಗಿ ಕಾಣಲೆಂದೇ ಆರಿಸಿರುತ್ತಾರೆ. ಕಪ್ಪು ತಟ್ಟೆಯ ಮೇಲಿಟ್ಟ ಬಿಳಿ ಮೀನು ಇನ್ನಷ್ಟು ಬೆಳ್ಳಗೆ ಕಾಣುತ್ತದೆ. ಪೊಟ್ಟಣವನ್ನು ಎತ್ತಿಕೊಂಡು ನಡುವಿನ ಓಣಿಯ ಸಾಧಾರಣ ಬೆಳಕಿಗೆ ಬನ್ನಿ. ಅಂಚು ಹಳದಿಯಾಗಿದೆಯೇ, ಒಣಗಿದೆಯೇ, ಪದರಗಳ ನಡುವೆ ಸಂದು ಬಿಟ್ಟಿದೆಯೇ ನೋಡಿ. ಆಮೇಲೆ ಪೊಟ್ಟಣವನ್ನು ಓರೆ ಮಾಡಿ. ತಳದ ಹೀರುಹಾಸು ತುಂಬಿ ನೀರು ಒಂದು ಮೂಲೆಗೆ ಹರಿದರೆ ವಾಪಸ್ ಇಡಿ.

ಕೌಂಟರಿನಲ್ಲಿ ಇಡೀ ಮೀನಿಗೆ ಮಲ್ಪೆಯ ಪರೀಕ್ಷೆಯೇ ಸಾಕು: ಕಣ್ಣು ತಿಳಿಯಾಗಿ ಉಬ್ಬಿರಬೇಕು, ಕಿವಿರು ಕೆಂಪಗಿರಬೇಕು, ಒತ್ತಿದರೆ ಗುಳಿ ಉಳಿಯಬಾರದು. ವ್ಯತ್ಯಾಸ ಏನೆಂದರೆ ನೀವು ಒತ್ತುವಂತಿಲ್ಲ, ಕೈಗವಸು ತೊಟ್ಟವರಿಗೆ ಹೇಳಿ ಒತ್ತಿಸಬೇಕು. ಮಂಜುಗಡ್ಡೆಯನ್ನೂ ನೋಡಿ. ಇಡೀ ಮೀನು ಮಂಜಿನೊಳಗೆ ಹುದುಗಿರಬೇಕು. ಚರ್ಮ ತೆಗೆದ ತುಂಡು ಮಾತ್ರ ಮಂಜಿಗೆ ನೇರವಾಗಿ ತಾಗಬಾರದು, ಕರಗಿದ ನೀರು ರುಚಿಯನ್ನು ತೊಳೆದುಬಿಡುತ್ತದೆ. ತಟ್ಟೆಯಲ್ಲಿಟ್ಟು ತಟ್ಟೆಯನ್ನು ಮಂಜಿನ ಮೇಲಿಟ್ಟಿರಬೇಕು. ಬೇಯಿಸಿದ ಸಿಗಡಿ ಹಸಿ ಮೀನಿಗೆ ತಾಗಿಕೊಂಡು ಮಲಗಿದ್ದರೆ ಆ ಕೌಂಟರಿನಿಂದ ಏನನ್ನೂ ಕೊಳ್ಳದಿರುವುದು ಒಳ್ಳೆಯದು.

ಮೂಗನ್ನೂ ಬಳಸಿ. ಕೌಂಟರಿನಿಂದ ಹತ್ತು ಹೆಜ್ಜೆ ದೂರಕ್ಕೇ ಅಮೋನಿಯದಂಥ ವಾಸನೆ ಬಂದರೆ ಅಲ್ಲಿಂದಲೇ ತಿರುಗಿ.

ಐದನೆಯ ಹೆಜ್ಜೆ: ನಮ್ಮ ಅಡುಗೆಗೆ ಅವರ ಮೀನು

ಇಲ್ಲಿ ನನ್ನ ಅಭಿಪ್ರಾಯಗಳೇ ಹೆಚ್ಚು, ಜಗಳಕ್ಕೆ ಬರುವವರು ಬರಬಹುದು.

ಸಾಲ್ಮನ್‌ಗೂ ಗಸಿಗೂ ಆಗಿಬರುವುದಿಲ್ಲ. ಅದರ ಎಣ್ಣೆ ತೆಂಗಿನಕಾಯಿಯ ಎಣ್ಣೆಯ ಜೊತೆ ಸೇರಿ ನಾಲಗೆಗೆ ಜಿಡ್ಡು ಹಿಡಿಯುತ್ತದೆ. ಉಪ್ಪು, ಖಾರ, ಹುಳಿ ಹಚ್ಚಿ ಕಾವಲಿಗೆ ಹಾಕಿ, ಅಷ್ಟಕ್ಕೆ ನಿಲ್ಲಿಸಿ. ಕಾಡ್ ಮೀನಿನ ಪದರಗಳು ಸಾರಿನಲ್ಲಿ ಬಿಚ್ಚಿಕೊಳ್ಳುತ್ತವೆ, ಆದ್ದರಿಂದ ಮಸಾಲೆ ಚೆನ್ನಾಗಿ ಕುದಿದ ಮೇಲೆ ಕೊನೆಯಲ್ಲಿ ಇಳಿಬಿಟ್ಟು, ಸೌಟು ಆಡಿಸದೆ ಪಾತ್ರೆಯನ್ನೇ ಅಲುಗಾಡಿಸಿ. ಕ್ಯಾಟ್‌ಫಿಶ್ ಗಟ್ಟಿ, ಹುಳಿಯನ್ನು ಚೆನ್ನಾಗಿ ಹೀರುತ್ತದೆ, ಪುಳಿಮುಂಚಿಗೆ ಬಡವರ ದೇವರು. ತಿಲಾಪಿಯಾಕ್ಕೆ ತನ್ನದೆಂಬ ರುಚಿ ಇಲ್ಲ, ರವೆ ಹಚ್ಚಿ ಹುರಿದರೆ ರವೆಯ ರುಚಿ.

ಬಂಗುಡೆಯ ಹಂಬಲಕ್ಕೆ ಅಟ್ಲಾಂಟಿಕ್ ಮ್ಯಾಕೆರೆಲ್ ಇದೆ. ನಮ್ಮ ಬಂಗುಡೆಗಿಂತ ಉದ್ದ, ಬೆನ್ನ ಮೇಲೆ ಹುಲಿಪಟ್ಟೆ, ಎಣ್ಣೆ ಹೆಚ್ಚು. ಕೊರಿಯನ್ ಅಂಗಡಿಯಲ್ಲಿ ಸಿಗುವುದಕ್ಕೆ ಉಪ್ಪು ಸವರಿರುವುದುಂಟು. ಗೊತ್ತಿಲ್ಲದೆ ಮತ್ತೆ ಉಪ್ಪು ಹಾಕಿ ಇಡೀ ಪಾತ್ರೆ ಚೆಲ್ಲಿದ ದಿನವನ್ನು ನಮ್ಮ ಮನೆಯಲ್ಲಿ ಇನ್ನೂ ನೆನೆಯುತ್ತಾರೆ. ಬಂಗುಡೆ ಮತ್ತು ಟ್ಯೂನಾ ಜಾತಿಯ ಮೀನು ಬಿಸಿಯಲ್ಲಿ ಉಳಿದರೆ ಹಿಸ್ಟಮಿನ್ ಉಂಟಾಗುತ್ತದೆ. ಒಮ್ಮೆ ಉಂಟಾದ ಮೇಲೆ ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ಮುಖ ಕೆಂಪೇರಿ, ತುರಿಕೆ, ತಲೆನೋವು ಬರುತ್ತದೆ. ಹಾಗಾಗಿ ಇವನ್ನು ಕಾರಿನಲ್ಲಿಟ್ಟು ಬೇರೆ ಅಂಗಡಿ ಸುತ್ತಬೇಡಿ.

ಅಂಜಲ್‌ಗೆ ಹತ್ತಿರದ್ದು ಸ್ಪ್ಯಾನಿಷ್ ಮ್ಯಾಕೆರೆಲ್, ಅದೇ ಕುಲದ್ದು. ಇನ್ನೊಂದು ನೆಂಟ ಕಿಂಗ್ ಮ್ಯಾಕೆರೆಲ್ ಬಗ್ಗೆ ಎಚ್ಚರ ಬೇಕು: ಅದರಲ್ಲಿ ಪಾದರಸ ಹೆಚ್ಚು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮತ್ತು ಮಕ್ಕಳು ಅದನ್ನು ತಿನ್ನಬಾರದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವೇ ಹೇಳುತ್ತದೆ. ಅದೇ ಪಟ್ಟಿಯಲ್ಲಿ ಶಾರ್ಕ್, ಸ್ವೋರ್ಡ್‌ಫಿಶ್, ಮಾರ್ಲಿನ್, ದೊಡ್ಡಕಣ್ಣಿನ ಟ್ಯೂನಾ ಇವೆ. ಬಾಣಂತಿಗೆ ಶಾರ್ಕಿನ ಸಾರು ಒಳ್ಳೆಯದೆಂದು ಊರಿಂದ ಅಮ್ಮ ಫೋನಿನಲ್ಲಿ ಹೇಳಿದರೆ ಜಗಳವಾಡದೆ ‘ಇಲ್ಲಿ ಸಿಗುವುದಿಲ್ಲ’ ಎಂದುಬಿಡಿ.

ಮಾಂಜಿಗೆ ಬದಲಾಗಿ ಪೊಂಪಾನೊ ಹುಡುಕಿ. ಫ್ಲಾರಿಡಾದ್ದು ದುಬಾರಿ, ಚೀನೀ ಅಂಗಡಿಯ ಗೋಲ್ಡನ್ ಪೊಂಪಾನೊ ಕೈಗೆಟಕುತ್ತದೆ. ಮರುವಾಯಿಗೆ ಲಿಟಲ್‌ನೆಕ್ ಕ್ಲ್ಯಾಮ್. ಇದರ ಚೀಲಕ್ಕೆ ಎಲ್ಲಿ, ಯಾವಾಗ ತೆಗೆದದ್ದೆಂದು ಬರೆದ ಚೀಟಿ ಕಟ್ಟಿರುತ್ತದೆ. ಮಾರಾಟ ಮುಗಿದ ಮೇಲೂ ಅಂಗಡಿ ಅದನ್ನು 90 ದಿನ ಕಾಪಾಡಬೇಕು. ತೋರಿಸಿ ಎಂದು ಕೇಳಿ. ಮುಖ ಸಿಂಡರಿಸದೆ ತೋರಿಸುವ ಕೌಂಟರಿಗೆ ಮುಂದಿನ ವಾರವೂ ಹೋಗಿ. ಕಾಣೆಗೆ ಮಾತ್ರ ಸಾಟಿ ನನಗೆ ಇನ್ನೂ ಸಿಕ್ಕಿಲ್ಲ. ‘ಲೇಡಿಫಿಶ್’ ಎಂಬ ಹೆಸರು ನೋಡಿ ಮೋಸಹೋಗಬೇಡಿ, ಅಮೆರಿಕದಲ್ಲಿ ಅದು ಬೇರೆಯೇ ಮೀನು.

ಆರನೆಯ ಹೆಜ್ಜೆ: ಸಿಗಡಿಯ ಅಂಕಿ

ಸಿಗಡಿ ಚೀಲದ ಮೇಲಿನ 16/20, 21/25, 51/60 ಎಂಬವು ಒಂದು ಪೌಂಡಿಗೆ, ಅಂದರೆ ಸುಮಾರು 454 ಗ್ರಾಮಿಗೆ, ಎಷ್ಟು ಸಿಗಡಿ ಎಂಬ ಲೆಕ್ಕ. 21/25 ಆದರೆ ಒಂದೊಂದು 18ರಿಂದ 22 ಗ್ರಾಂ. ತುಪ್ಪದಲ್ಲಿ ಹುರಿಯಲು ಇದು ಸರಿ. ಎಟ್ಟಿ ಸುಕ್ಕಕ್ಕೆ 51/60 ಸಾಕು, ಮಸಾಲೆ ಚೆನ್ನಾಗಿ ಹಿಡಿಯುತ್ತದೆ. ‘ಜಂಬೊ’, ‘ಕೊಲೊಸಲ್’ ಎಂಬ ವಿಶೇಷಣಗಳಿಗೆ ಕಾನೂನಿನ ಅಳತೆ ಇಲ್ಲ, ಅಂಕಿಯನ್ನೇ ನಂಬಿ. ಪದಾರ್ಥಗಳ ಸಾಲಿನಲ್ಲಿ ‘ಸೋಡಿಯಂ ಟ್ರೈಪಾಲಿಫಾಸ್ಫೇಟ್’ ಇದ್ದರೆ ಸಿಗಡಿ ನೀರು ಕುಡಿದಿದೆ ಎಂದರ್ಥ. ಬಾಣಲೆಯಲ್ಲಿ ಆ ನೀರು ಬಿಟ್ಟು ಕುಗ್ಗುತ್ತದೆ. ಬರೀ ‘ಶ್ರಿಂಪ್, ಸಾಲ್ಟ್’ ಎಂದಿರುವುದನ್ನು ಆರಿಸಿ.

ಚೀಲ ತಿರುಗಿಸಿದರೆ ‘ಪ್ರಾಡಕ್ಟ್ ಆಫ್ ಇಂಡಿಯಾ’ ಎಂದಿರುವುದು ತೀರಾ ಸಾಮಾನ್ಯ. ಅಮೆರಿಕಕ್ಕೆ ಅತಿ ಹೆಚ್ಚು ಸಿಗಡಿ ಕಳುಹಿಸುವ ದೇಶವಾಗಿ ಭಾರತ ಬೆಳೆದಿದೆ, ಅದರಲ್ಲಿ ದೊಡ್ಡ ಪಾಲು ಆಂಧ್ರದ ಕೆರೆಗಳಲ್ಲಿ ಸಾಕುವ ವನ್ನಾಮೆ ಎಂಬ ಜಾತಿಯ ಸಿಗಡಿ. ಸಾವಿರಾರು ಮೈಲಿ ಹಾರಿ ಬಂದು ಪಕ್ಕದ ರಾಜ್ಯದ ಸಿಗಡಿ ತಿನ್ನುವ ಯೋಗ!

ಏಳನೆಯ ಹೆಜ್ಜೆ: ಕೌಂಟರಿನವರ ಜೊತೆ ಮಾತನಾಡಿ

ಇದು ತಾಜಾ ಇದೆಯೇ ಎಂದು ಕೇಳಿದರೆ ಹೌದೆಂದೇ ಉತ್ತರ ಬರುತ್ತದೆ. ಹಾಗೆ ಕೇಳದೆ, ಇವತ್ತು ಬಂದದ್ದು ಯಾವುದು, ಹೆಪ್ಪುಗಟ್ಟಿಸದೆ ಬಂದದ್ದು ಯಾವುದು ಎಂದು ಕೇಳಿ. ನಮ್ಮ ಅಂಗಡಿಯ ಹಿರಿಯರೊಬ್ಬರು ಈ ಪ್ರಶ್ನೆಗೆ ಬಾಯಲ್ಲಿ ಉತ್ತರಿಸುವುದಿಲ್ಲ. ಗಾಜಿನ ಮೇಲೆ ಕೈಗವಸಿನ ಬೆರಳಿನಿಂದ ಒಂದು ಮೀನಿನ ಎದುರು ಎರಡು ಸಲ ತಟ್ಟುತ್ತಾರೆ. ನಾನು ಅದನ್ನೇ ಕೊಳ್ಳುತ್ತೇನೆ.

ಚರ್ಮ ಸುಲಿಯುವುದು, ಸಣ್ಣ ಮುಳ್ಳು ಕೀಳುವುದು, ತುಂಡು ಮಾಡುವುದನ್ನು ಬಹಳ ಕಡೆ ಹಣ ತೆಗೆದುಕೊಳ್ಳದೆ ಮಾಡಿಕೊಡುತ್ತಾರೆ. ನಮ್ಮ ಸಾರಿಗೆ ಬೇಕಾದ ಅಡ್ಡ ತುಂಡಿಗೆ ಅವರ ಮಾತು ‘ಸ್ಟೇಕ್’, ದಪ್ಪ ಎಷ್ಟೆಂದು ಇಂಚಿನಲ್ಲಿ ಹೇಳಿ. ತಲೆ ಬೇಕೆಂದು ಮೊದಲೇ ತಿಳಿಸಿ, ಇಲ್ಲವಾದರೆ ಅದು ಕಸಕ್ಕೆ ಹೋಗುತ್ತದೆ.

ಇಡೀ ಮೀನಿನ ದಾಹ ತೀರದಿದ್ದರೆ ಏಷ್ಯನ್ ಅಂಗಡಿ ಸರಪಳಿಗಳಿಗೆ ಹೋಗಿ. ಕ್ಯಾಲಿಫೋರ್ನಿಯಾದಲ್ಲಿ 1984ರಲ್ಲಿ ಶುರುವಾದ ‘99 ರಾಂಚ್’, ನ್ಯೂಯಾರ್ಕಿನಲ್ಲಿ 1982ರಲ್ಲಿ ಹುಟ್ಟಿದ ‘ಎಚ್ ಮಾರ್ಟ್’ ಈಗ ಅನೇಕ ರಾಜ್ಯಗಳಲ್ಲಿವೆ. ಅಲ್ಲಿ ಅಲಂಕಾರವೇ ತೊಟ್ಟಿಗಳಲ್ಲಿ ಈಜುತ್ತಿರುತ್ತದೆ. ಕೆಲವು ಕಡೆ ಮೀನು ಹೇಗೆ ಕತ್ತರಿಸಬೇಕೆಂದು ಸಂಖ್ಯೆ ಹಾಕಿದ ಚಿತ್ರಪಟ ತೂಗುಹಾಕಿರುತ್ತಾರೆ. ಭಾಷೆ ಬಾರದಿದ್ದರೂ ಬೆರಳು ಎತ್ತಿ ತೋರಿಸಿದರೆ ಕೆಲಸ ಆಗುತ್ತದೆ.

ಕೊನೆಯ ಹೆಜ್ಜೆ: ಮನೆಗೆ

ಮೀನನ್ನು ಬುಟ್ಟಿಗೆ ಕೊನೆಯಲ್ಲಿ ಹಾಕಿ. ಹೊರಗೆ ಎರಡು ಗಂಟೆ ಮೀರಬಾರದು, ಬೇಸಿಗೆಯಲ್ಲಿ 32 ಡಿಗ್ರಿ ಸೆಲ್ಸಿಯಸ್ ದಾಟಿದರೆ ಒಂದೇ ಗಂಟೆ. ಫ್ರಿಜ್ 4 ಡಿಗ್ರಿ ಅಥವಾ ಅದಕ್ಕಿಂತ ತಂಪಾಗಿರಲಿ, ಎರಡು ದಿನದೊಳಗೆ ಬೇಯಿಸಿ. ಗಾಳಿ ತೆಗೆದು ಬಿಗಿದ ಹೆಪ್ಪುಗಟ್ಟಿದ ಮೀನನ್ನು ಕರಗಿಸುವ ಮೊದಲು ಪೊಟ್ಟಣಕ್ಕೆ ಕತ್ತರಿ ಹಾಕಿ: ಆಮ್ಲಜನಕವಿಲ್ಲದ ಜಾಗದಲ್ಲಿ ಬಾಟುಲಿಸಂ ವಿಷದ ಬ್ಯಾಕ್ಟೀರಿಯಾ ಬೆಳೆಯಬಹುದು, ಅದರ ಒಂದು ಬಗೆಗೆ ಫ್ರಿಜ್ಜಿನ ತಂಪೂ ತಡೆಯಲ್ಲ.

ಇನ್ನು ಹುರಿಯುವುದು. ಒಲೆಯ ಮೇಲಿನ ಫ್ಯಾನು ಹೊಗೆಯನ್ನು ಹೊರಗೆ ಬಿಡುತ್ತದೋ ಅಥವಾ ಸೋಸಿ ಮನೆಯೊಳಗೇ ತಿರುಗಿಸುತ್ತದೋ ಮೊದಲು ಪರೀಕ್ಷಿಸಿ. ಬಾಡಿಗೆ ಮನೆಗಳಲ್ಲಿ ಎರಡನೆಯದೇ ಹೆಚ್ಚು. ಕಿಟಕಿ ತೆರೆಯಿರಿ, ಮಲಗುವ ಕೋಣೆಯ ಬಾಗಿಲು ಹಾಕಿ, ಚಳಿಗಾಲದ ಕೋಟುಗಳನ್ನು ಕಪಾಟಿಗೆ ಸೇರಿಸಿ. ಹೊಗೆಯ ಗಂಟೆ ಅಡುಗೆಮನೆಯ ಬಾಗಿಲಿಗೇ ಇದ್ದರೆ ಅದರ ಕೆಳಗೆ ಒಬ್ಬರನ್ನು ಟವೆಲ್ ಕೊಟ್ಟು ನಿಲ್ಲಿಸಿ. ಬಂಗುಡೆ ಮಗುಚಿ ಹಾಕುವ ಹೊತ್ತಿಗೆ ಅವರ ಕೆಲಸ ಶುರುವಾಗುತ್ತದೆ.